ಮಗುವನ್ನು ಮುಂದಿನ ತರಗತಿಗೆ ಒಪ್ಪಿಸುವ ಹೊತ್ತು

ನಮ್ಮ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳ ವರ್ಷ ಮೇ ತಿಂಗಳ ಕೊನೆಗೆ ಆರಂಭವಾಗಿ ಏಪ್ರಿಲ್ 10ಕ್ಕೆ ಮುಗಿಯುತ್ತದೆ. ಮಾರ್ಚ್ ಅರ್ಧ ದಾಟಿತೆಂದರೆ ಶಾಲೆಯ ನಡೆಯೇ ಬದಲಾಗುತ್ತದೆ. ವರ್ಷದ ಕೊನೆಯ ಎಸ್‌ಎ-2 ಪರೀಕ್ಷೆ ನಡೆಸಬೇಕು, ಉತ್ತರ ಪತ್ರಿಕೆ ತಿದ್ದಬೇಕು, ಅಂಕವಹಿ ಬರೆಯಬೇಕು, ಅದೇ ಅಂಕಗಳನ್ನು ಮಕ್ಕಳ ಪ್ರಗತಿ ದಾಖಲಿಸುವ ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಬೇಕು. ಹಾಜರಾತಿಯ ಮೊತ್ತ ಹಾಕಬೇಕು. ಬಿಸಿಯೂಟದ ಅಕ್ಕಿ, ಬೇಳೆ, ಎಣ್ಣೆಯ ಲೆಕ್ಕ ತಾಳೆಯಾಗಬೇಕು. ಕ್ಯಾಷ್‌ಬುಕ್, ದಾಸ್ತಾನು ವಹಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ ಎಲ್ಲವೂ ಮುಖ್ಯ ಶಿಕ್ಷಕರ ಮೇಜಿಗೆ ಬರಬೇಕು. ಇಬ್ಬರೇ ಶಿಕ್ಷಕರಿರುವ ಹಳ್ಳಿಯ ಶಾಲೆಯಲ್ಲಿ ಇದಿಷ್ಟನ್ನೂ ಆ ಇಬ್ಬರೇ ಮಾಡಬೇಕು, ಅದೂ ಪಾಠ ಬಿಡದೆ.

ಇವೆಲ್ಲ ಆಗಲೇಬೇಕಾದ ಕೆಲಸಗಳು, ಅದರಲ್ಲಿ ತಕರಾರಿಲ್ಲ. ನನ್ನ ಕಾಳಜಿ ಈ ಪಟ್ಟಿಯಲ್ಲಿ ಇಲ್ಲದಿರುವ ಒಂದು ಕೆಲಸದ ಬಗ್ಗೆ. ಒಂದು ವರ್ಷ ಮಗುವನ್ನು ಹತ್ತಿರದಿಂದ ನೋಡಿದ ಶಿಕ್ಷಕಿ, ಆ ಮಗುವನ್ನು ಇನ್ನೂ ನೋಡದ ಶಿಕ್ಷಕಿಗೆ ಒಪ್ಪಿಸಿಕೊಡುವ ಕೆಲಸ ಅದು. ಅಕ್ಕಿಯ ಲೆಕ್ಕ ಒಪ್ಪಿಸುತ್ತೇವೆ, ಬೆಂಚು, ಬೀರುಗಳ ಲೆಕ್ಕ ಒಪ್ಪಿಸುತ್ತೇವೆ. ಮಗುವಿನ ವಿಷಯದಲ್ಲಿ ಮಾತ್ರ ಒಂದು ಶ್ರೇಣಿ ಬರೆದು ಸುಮ್ಮನಾಗುತ್ತೇವೆ.

ಆ ಶ್ರೇಣಿ ಏನು ಹೇಳುತ್ತದೆ ಎಂದು ನೋಡೋಣ. ನಮ್ಮಲ್ಲಿರುವ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಪದ್ಧತಿಯಲ್ಲಿ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ ಮೌಲ್ಯಮಾಪನ. ಶಾಲೆಯ ಮಾತಿನಲ್ಲಿ ಎಫ್‌ಎ, ಎಸ್‌ಎ. ಆರೂ ಸೇರಿ ಕೊನೆಗೆ ಮಗುವಿಗೆ ಎ ಪ್ಲಸ್‌ನಿಂದ ಸಿವರೆಗಿನ ಒಂದು ಶ್ರೇಣಿ. ಮೂರನೇ ತರಗತಿಯ ಇಬ್ಬರು ಮಕ್ಕಳಿಗೆ ಗಣಿತದಲ್ಲಿ ಬಿ ಪ್ಲಸ್ ಬಂದಿದೆ ಎಂದುಕೊಳ್ಳಿ. 52ರಲ್ಲಿ 17 ಕಳೆ ಎಂದರೆ ಮೊದಲನೆಯ ಮಗು 45 ಎಂದು ಬರೆಯುತ್ತದೆ. ಬಿಡಿ ಸ್ಥಾನದ 2ರಲ್ಲಿ 7 ಹೋಗುವುದಿಲ್ಲ ಎಂದು ಕಂಡಾಗ ತಿರುಗಿಸಿ 7ರಲ್ಲಿ 2 ಕಳೆದುಬಿಟ್ಟಿದೆ. ಹತ್ತರ ಸ್ಥಾನದಿಂದ ಒಂದು ದಶಕ ತೆಗೆದುಕೊಳ್ಳುವುದು ಅದಕ್ಕೆ ಇನ್ನೂ ಅರ್ಥವಾಗಿಲ್ಲ. ಎರಡನೆಯ ಮಗು ಇದೇ ಲೆಕ್ಕವನ್ನು ಸರಿಯಾಗಿ ಮಾಡುತ್ತದೆ. ಆದರೆ ‘ಅಂಗಡಿಯಲ್ಲಿ 52 ತೆಂಗಿನಕಾಯಿ ಇದ್ದವು, 17 ಮಾರಾಟವಾದವು, ಉಳಿದವೆಷ್ಟು’ ಎಂದು ಬರೆದುಕೊಟ್ಟರೆ ಕೂಡಬೇಕೋ ಕಳೆಯಬೇಕೋ ತಿಳಿಯದೆ ಟೀಚರ್ ಮುಖ ನೋಡುತ್ತದೆ. ಅದಕ್ಕೆ ಲೆಕ್ಕ ಬರುತ್ತದೆ, ಓದಿದ್ದರ ಅರ್ಥ ಹಿಡಿಯುವುದು ಬರುವುದಿಲ್ಲ. ಒಂದಕ್ಕೆ ಬೀಜ, ಕಡ್ಡಿಕಟ್ಟು ಹಿಡಿದು ಬಿಡಿ-ಹತ್ತು ಕಲಿಸಬೇಕು. ಇನ್ನೊಂದಕ್ಕೆ ಓದಿಸಿ ಮಾತಾಡಿಸಬೇಕು. ಇಬ್ಬರ ಪ್ರಗತಿಪತ್ರದಲ್ಲೂ ಇರುವುದು ಒಂದೇ ಬಿ ಪ್ಲಸ್.

ಕನ್ನಡದಲ್ಲೂ ಹೀಗೆಯೇ. ಒಂದು ಮಗು ಸರಳ ಪದಗಳನ್ನು ಓಡಿಸಿಕೊಂಡು ಓದಿ, ‘ಸೂರ್ಯ’, ‘ಕರ್ನಾಟಕ’ ಎಂಬಲ್ಲಿ ಅರ್ಕಾವತ್ತು ಬಂದ ಕೂಡಲೇ ನಿಲ್ಲುತ್ತದೆ. ಇನ್ನೊಂದು ಪುಟವನ್ನೇ ತಡೆಯಿಲ್ಲದೆ ಓದಿ, ಕಥೆಯಲ್ಲಿ ಏನಾಯಿತು ಮರಿ ಎಂದು ಕೇಳಿದರೆ ತಲೆ ತಗ್ಗಿಸುತ್ತದೆ. ವರ್ಷವಿಡೀ ಜೊತೆಗಿದ್ದ ಶಿಕ್ಷಕಿಗೆ ಇದೆಲ್ಲ ಬೆರಳ ತುದಿಯಲ್ಲಿರುತ್ತದೆ. ಯಾವ ಮಗುವಿನ ಹೆಸರು ಹೇಳಿದರೂ ಅದರ ಎಡವುವ ಜಾಗ ಹೇಳಬಲ್ಲರು. ಯಾರಿಗೆ ಕಪ್ಪುಹಲಗೆ ಸರಿಯಾಗಿ ಕಾಣುವುದಿಲ್ಲ, ಯಾರ ಮನೆಮಾತು ತೆಲುಗು ಅಥವಾ ಲಂಬಾಣಿ, ಯಾರು ಗುಂಪಿನಲ್ಲಿ ಬಾಯಿಬಿಡದೆ ಪಕ್ಕಕ್ಕೆ ಕರೆದರೆ ಎಲ್ಲವನ್ನೂ ಹೇಳುತ್ತಾರೆ ಎಂಬುದೂ ಅವರಿಗೆ ಗೊತ್ತು. ಈ ತಿಳಿವಳಿಕೆ ಯಾವ ವಹಿಯಲ್ಲೂ ಇಳಿಯದೆ ಏಪ್ರಿಲ್ 10ಕ್ಕೆ ಅವರ ಜೊತೆಯೇ ಮನೆಗೆ ಹೋಗುತ್ತದೆ.

ಇದರ ಪೆಟ್ಟು ಎಲ್ಲಕ್ಕಿಂತ ಜೋರಾಗಿ ಬೀಳುವುದು ಮೂರನೇ ತರಗತಿ ಮುಗಿಸಿ ನಾಲ್ಕಕ್ಕೆ ಕಾಲಿಡುವ ಮಕ್ಕಳ ಮೇಲೆ. ಮೂರರವರೆಗೆ ಅವರು ಕಲಿಯುವ ರೀತಿಯೇ ಬೇರೆ. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಆರಂಭವಾದ ನಲಿ-ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂತು ಕಲಿಯುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ, ಅದರಲ್ಲಿ ಮೈಲುಗಲ್ಲುಗಳು, ಪ್ರತಿ ಮೆಟ್ಟಿಲಿಗೂ ಒಂದು ಚಿತ್ರ, ಆ ಚಿತ್ರದ ಕಾರ್ಡು. ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತಂದು ತನ್ನ ಗುಂಪಿನಲ್ಲಿ ಕೂರುತ್ತದೆ, ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ಯಾರು ಎಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ ಕಾಣುತ್ತದೆ. ತಲೆಯ ಮೇಲೆ ಕಟ್ಟಿದ ಚಪ್ಪರದಲ್ಲಿ ಮಕ್ಕಳೇ ಮಾಡಿದ ಚಿತ್ರ, ಬರಹ ತೂಗುತ್ತಿರುತ್ತವೆ.

ನಾಲ್ಕನೇ ತರಗತಿಯ ಬಾಗಿಲು ದಾಟಿದರೆ ಇದಾವುದೂ ಇಲ್ಲ. ಏಣಿ ಇಲ್ಲ, ಕಾರ್ಡಿಲ್ಲ. ಬೆಂಚು, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ. ಮೂರು ವರ್ಷ ತನ್ನ ಹೆಜ್ಜೆಯಲ್ಲಿ ನಡೆದ ಮಗು ಈಗ ತರಗತಿಯ ಹೆಜ್ಜೆಗೆ ಹೆಜ್ಜೆ ಹಾಕಬೇಕು. ಏಣಿಯಲ್ಲಿ ಕೊನೆಯ ಮೈಲುಗಲ್ಲು ಮುಟ್ಟದೆ ಉಳಿದ ಮಗುವೂ ನಾಲ್ಕಕ್ಕೇ ಬರುತ್ತದೆ, ಬರಲೇಬೇಕು. ಆದರೆ ಅದು ಎಷ್ಟನೇ ಮೆಟ್ಟಿಲಲ್ಲಿ ನಿಂತಿತ್ತು ಎಂಬ ಮಾಹಿತಿ ಅದರ ಜೊತೆ ಬರುವುದಿಲ್ಲ. ನಾಲ್ಕನೇ ತರಗತಿಯ ಮೇಷ್ಟ್ರು ಜುಲೈ ಹೊತ್ತಿಗೆ ‘ಇವರಿಗೆ ಓದೋಕೇ ಬರಲ್ಲ’ ಎನ್ನುತ್ತಾರೆ. ನಲಿ-ಕಲಿಯ ಟೀಚರ್ ‘ನನ್ನ ಹತ್ತಿರ ಚೆನ್ನಾಗಿಯೇ ಓದ್ತಿದ್ದರು’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಒಂದೇ ಕಟ್ಟಡದಲ್ಲಿ, ಒಂದೇ ಗೋಡೆಯ ಆಚೀಚೆ ಪಾಠ ಮಾಡುವ ಈ ಇಬ್ಬರೂ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಕೂತು ಮಕ್ಕಳ ಹೆಸರು ಹಿಡಿದು ಮಾತಾಡಿದ್ದರೆ ಜುಲೈನ ಈ ಮಾತು ಬರುತ್ತಿರಲಿಲ್ಲ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆಯ ಗುರಿ, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕು, ಬರೆಯಬೇಕು, ಸರಳ ಲೆಕ್ಕ ಮಾಡಬೇಕು ಎಂಬುದು. ಆ ಗುರಿಯ ಗೆಲುವು ಸೋಲು ತಿಳಿಯುವುದು ಇದೇ ಮೂರು-ನಾಲ್ಕರ ಹೊಸ್ತಿಲಲ್ಲಿ.

ಪಾಸು, ಫೇಲಿನ ಬಗ್ಗೆ ನಾವು ಸಾಕಷ್ಟು ವಾದ ಮಾಡಿದ್ದೇವೆ. ಶಿಕ್ಷಣ ಹಕ್ಕು ಕಾಯ್ದೆ ಮೊದಲು ಯಾವ ಮಗುವನ್ನೂ ಅದೇ ತರಗತಿಯಲ್ಲಿ ಉಳಿಸಿಕೊಳ್ಳಬಾರದು ಎಂದಿತು. 2019ರ ತಿದ್ದುಪಡಿ 5 ಮತ್ತು 8ನೇ ತರಗತಿಗಳಲ್ಲಿ ಪರೀಕ್ಷೆ ನಡೆಸಿ ಉಳಿಸಿಕೊಳ್ಳುವ ಅಧಿಕಾರವನ್ನು ರಾಜ್ಯಗಳಿಗೆ ಕೊಟ್ಟಿತು. ನಮ್ಮಲ್ಲಿ 2023 ಮತ್ತು 2024ರಲ್ಲಿ ಈ ತರಗತಿಗಳಿಗೆ ರಾಜ್ಯ ಮಟ್ಟದಲ್ಲಿ ನಡೆಸಿದ ಪರೀಕ್ಷೆ, ಅಂದರೆ ಮೌಲ್ಯಾಂಕನ, ಹೈಕೋರ್ಟು, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಪೋಷಕರು, ಶಿಕ್ಷಕರು, ಪತ್ರಿಕೆಗಳು ಎಲ್ಲರೂ ಅದೇ ಚರ್ಚೆಯಲ್ಲಿದ್ದೆವು. ಆದರೆ ಪಾಸೆಂದರೂ ಫೇಲೆಂದರೂ ಮುಂದಿನ ಶಿಕ್ಷಕರಿಗೆ ಮಗುವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಮುಂದೆ ಕಳಿಸಿದ ಮಗುವಿಗೂ ಹಿಂದೆ ಉಳಿಸಿದ ಮಗುವಿಗೂ ಬೇಕಾದದ್ದು, ಅದು ಎಲ್ಲಿ ನಿಂತಿದೆಯೋ ಅಲ್ಲಿಂದ ಕೈಹಿಡಿಯುವ ಶಿಕ್ಷಕರು.

ಹಾಗಾದರೆ ಏನು ಮಾಡಬಹುದು? ದೊಡ್ಡ ಯೋಜನೆ ಬೇಡ, ಹೊಸ ತಂತ್ರಾಂಶವಂತೂ ಬೇಡವೇ ಬೇಡ. ಪ್ರತಿ ಮಗುವಿಗೆ ನೋಟ್‌ಬುಕ್ಕಿನ ಅರ್ಧ ಹಾಳೆ ಸಾಕು. ಅದರಲ್ಲಿ ನಾಲ್ಕು ಸಾಲು. ಮಗು ತಾನಾಗಿಯೇ ಏನು ಮಾಡಬಲ್ಲದು ಎಂಬುದು ಮೊದಲ ಸಾಲು. ಎಲ್ಲಿ ಎಡವುತ್ತದೆ ಎಂಬುದು ಎರಡನೆಯದು. ಹೇಗೆ ಹೇಳಿಕೊಟ್ಟರೆ ಹಿಡಿಯುತ್ತದೆ ಎಂಬುದು ಮೂರನೆಯದು. ಆರೋಗ್ಯ, ಮನೆಯ ಪರಿಸ್ಥಿತಿಗಳಲ್ಲಿ ಮುಂದಿನವರಿಗೆ ತಿಳಿದಿರಲೇಬೇಕಾದದ್ದು ಇದ್ದರೆ ನಾಲ್ಕನೆಯದು. ‘ಎರಡು ಸಾಲಿನ ವಾಕ್ಯ ಸ್ವಂತವಾಗಿ ಬರೆಯುತ್ತಾಳೆ. ಒತ್ತಕ್ಷರ ಬಿಟ್ಟುಬಿಡುತ್ತಾಳೆ. ಹಾಡಿನಲ್ಲಿ ಹೇಳಿಕೊಟ್ಟರೆ ಬೇಗ ಹಿಡಿಯುತ್ತಾಳೆ. ಎಡಗಿವಿ ಮಂದ, ಬಲಗಿವಿ ನಿಮ್ಮ ಕಡೆ ಇರುವಂತೆ ಮುಂದಿನ ಸಾಲಿನಲ್ಲಿ ಕೂರಿಸಿ.’ ಇಷ್ಟು ಓದಿದ ಹೊಸ ಶಿಕ್ಷಕಿಗೆ ಆ ಹುಡುಗಿಯ ಜೊತೆ ಜೂನ್ ತಿಂಗಳ ಮೊದಲ ವಾರವೇ ಕೆಲಸ ಶುರುಮಾಡಲು ಬರುತ್ತದೆ.

ಇದಕ್ಕೆಲ್ಲಿ ಪುರುಸೊತ್ತು ಎಂದು ಕೇಳುವ ಶಿಕ್ಷಕರ ಮಾತಿನಲ್ಲಿ ನ್ಯಾಯವಿದೆ. ಅದಕ್ಕೇ ಲೆಕ್ಕ ಹಾಕಿ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 30 ಮಕ್ಕಳಿಗೊಬ್ಬ ಶಿಕ್ಷಕರು. ಮಗುವಿಗೆ 10 ನಿಮಿಷ ಎಂದರೆ 30 ಮಕ್ಕಳಿಗೆ 5 ಗಂಟೆ, ಅಂದರೆ ಒಂದು ಶಾಲಾ ದಿನ. ಆ ಒಂದು ದಿನವನ್ನು ಇಲಾಖೆ ಶಿಕ್ಷಕರಿಗೆ ಬಿಟ್ಟುಕೊಡಬೇಕು. ಆ ದಿನ ಸಭೆ ಬೇಡ, ತುರ್ತು ಮಾಹಿತಿ ಕೇಳುವ ಫೋನು ಬೇಡ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ‘ಇಂದೇ ಸಲ್ಲಿಸಿ’ ಎಂಬ ನಮೂನೆ ಬೇಡ. ಮುಖ್ಯವಾಗಿ, ಈ ಅರ್ಧ ಹಾಳೆಯನ್ನು ಯಾರೂ ಮೇಲಿಂದ ಕೇಳಿ ತರಿಸಿಕೊಳ್ಳಬಾರದು. ಬ್ಲಾಕ್ ಕಚೇರಿಗೆ ಹೋಗುವ ಕಾಗದವಾದರೆ ಅದರಲ್ಲಿ ನಿಜ ಬರೆಯಲು ಯಾರಿಗೂ ಧೈರ್ಯ ಬರುವುದಿಲ್ಲ. ಅದು ಒಬ್ಬ ಶಿಕ್ಷಕಿಯಿಂದ ಇನ್ನೊಬ್ಬ ಶಿಕ್ಷಕಿಗೆ ಹೋಗುವ ಪತ್ರವಾಗಿಯೇ ಉಳಿಯಬೇಕು.

ಅತಿಥಿ ಶಿಕ್ಷಕರ ವಿಷಯದಲ್ಲಿ ಇದು ಇನ್ನಷ್ಟು ಅಗತ್ಯ. ಕಾಯಂ ಶಿಕ್ಷಕರ ಹುದ್ದೆ ಖಾಲಿ ಇರುವೆಡೆ, ಅದರಲ್ಲೂ ಕಲ್ಯಾಣ ಕರ್ನಾಟಕದ ಹಳ್ಳಿಗಳಲ್ಲಿ, ಎಷ್ಟೋ ತರಗತಿಗಳು ನಡೆಯುವುದೇ ಅತಿಥಿ ಶಿಕ್ಷಕರಿಂದ. ಅವರ ನೇಮಕ ಆ ಶೈಕ್ಷಣಿಕ ವರ್ಷಕ್ಕೆ ಮಾತ್ರ. ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು, ಮುಂದಿನ ವರ್ಷ ಅದೇ ಶಾಲೆಗೆ ಬರುತ್ತಾರೆಂಬ ಖಾತ್ರಿಯಿಲ್ಲ. ಮಕ್ಕಳು ‘ಅಕ್ಕೋರು ಎಲ್ಲಿ ಹೋದ್ರು’ ಎಂದು ಕೇಳುತ್ತಲೇ ಜೂನ್ ಕಳೆಯುತ್ತಾರೆ. ಕಾಯಂ ಶಿಕ್ಷಕರನ್ನಾದರೂ ಪಕ್ಕದ ಕೋಣೆಗೆ ಹೋಗಿ ಕೇಳಬಹುದು. ಊರು ಬಿಟ್ಟು ಹೋದ ಅತಿಥಿ ಶಿಕ್ಷಕಿಯನ್ನು ಯಾರು ಕೇಳುತ್ತಾರೆ? ಹೊರಡುವ ಮುನ್ನ ಅವರಿಂದ ಈ ಹಾಳೆಗಳನ್ನು ಬರೆಸಿಕೊಳ್ಳುವುದು, ಅದಕ್ಕಾಗಿ ಅವರಿಗೆ ಒಂದು ದಿನದ ಗೌರವಧನ ಹೆಚ್ಚಿಗೆ ಕೊಡುವುದು ಸರ್ಕಾರಕ್ಕೆ ಭಾರವಲ್ಲ.

ಶಾಲೆ ಮತ್ತೆ ತೆರೆದಾಗ ನಮ್ಮಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆಯಲ್ಲಿ ನೋಡಿ, ಮರೆತದ್ದನ್ನು ಮತ್ತೆ ಕಲಿಸಿ, ಕೊನೆಗೆ ಇನ್ನೊಮ್ಮೆ ಪರೀಕ್ಷಿಸುವ ಕ್ರಮ. ಯೋಚನೆ ಒಳ್ಳೆಯದು. ಆದರೆ ಮಾರ್ಚ್‌ನಲ್ಲಿ ಮಗು ಎಲ್ಲಿತ್ತು ಎಂದು ಗೊತ್ತಿಲ್ಲದಿದ್ದರೆ, ಮಗು ರಜೆಯಲ್ಲಿ ಮರೆತಿದೆಯೋ ಮೊದಲೇ ಕಲಿತಿರಲಿಲ್ಲವೋ ಎಂದು ಜೂನ್‌ನಲ್ಲಿ ಬೇರ್ಪಡಿಸಿ ನೋಡಲಾಗದು. ಮರೆತದ್ದು ನೆನಪಿಸಿದರೆ ಬರುತ್ತದೆ. ಕಲಿಯದೇ ಇದ್ದದ್ದನ್ನು ಮೊದಲಿನಿಂದ ಕಲಿಸಬೇಕು. ಎರಡಕ್ಕೂ ಒಂದೇ ಮದ್ದು ಕೊಟ್ಟರೆ ಒಬ್ಬರಿಗೂ ಗುಣವಾಗುವುದಿಲ್ಲ. ಕೋವಿಡ್ ಕಾಲದಲ್ಲಿ ಮಕ್ಕಳು ಮರೆಯುವ ಪ್ರಮಾಣ ಎಷ್ಟೆಂದು ದೇಶ ಕಂಡಿದೆ. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ 5 ರಾಜ್ಯಗಳ 16,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿದಾಗ, ಹಿಂದಿನ ವರ್ಷ ತಮಗಿದ್ದ ಕನಿಷ್ಠ ಒಂದು ಭಾಷಾ ಸಾಮರ್ಥ್ಯವನ್ನು ಶೇ 92ರಷ್ಟು ಮಕ್ಕಳು, ಗಣಿತದ ಒಂದು ಸಾಮರ್ಥ್ಯವನ್ನು ಶೇ 82ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಆ ಅಧ್ಯಯನ ಸಾಧ್ಯವಾದದ್ದು ಶಾಲೆ ಮುಚ್ಚುವ ಮುನ್ನ ಮಕ್ಕಳು ಎಲ್ಲಿದ್ದರು ಎಂಬುದನ್ನು ಅವರ ಶಿಕ್ಷಕರು ನೆನಪಿನಿಂದ ಹೇಳಬಲ್ಲವರಾಗಿದ್ದರಿಂದ. ಶಿಕ್ಷಕರ ತಿಳಿವಳಿಕೆ ಅಷ್ಟು ಬೆಲೆಯುಳ್ಳದ್ದು. ಅದನ್ನು ಕಾಗದಕ್ಕಿಳಿಸಲು ನಾವು ಇನ್ನೊಂದು ಸಾಂಕ್ರಾಮಿಕಕ್ಕಾಗಿ ಕಾಯಬಾರದು.

ಒಪ್ಪಿಸಿಕೊಡಬೇಕಾದದ್ದು ಶಿಕ್ಷಕರಿಗೆ ಮಾತ್ರವಲ್ಲ, ಮಗುವಿಗೂ. ಪ್ರತಿ ಮಗುವಿನ ಹೆಸರಿನಲ್ಲಿ ಶಾಲೆಯಲ್ಲಿ ಒಂದು ಕೃತಿ ಸಂಪುಟ ಇರುತ್ತದೆ. ಮಗು ಬಿಡಿಸಿದ ಚಿತ್ರ, ಬರೆದ ಕಥೆ, ಎಫ್‌ಎ ಚಟುವಟಿಕೆಯ ಹಾಳೆಗಳು ಅದರಲ್ಲಿರುತ್ತವೆ. ಬಹಳ ಕಡೆ ಅಧಿಕಾರಿಗಳು ಭೇಟಿಗೆ ಬಂದಾಗ ಮಾತ್ರ ಅದು ಬೀರುವಿನಿಂದ ಹೊರಬರುತ್ತದೆ. ವರ್ಷದ ಕೊನೆಯ ವಾರ ಅದನ್ನು ಮಗುವಿನ ಕೈಗೆ ಕೊಟ್ಟು, ಜೂನ್‌ನ ಮೊದಲ ಹಾಳೆಯನ್ನೂ ಮಾರ್ಚ್‌ನ ಕೊನೆಯ ಹಾಳೆಯನ್ನೂ ಅಕ್ಕಪಕ್ಕ ಇಟ್ಟು ನೋಡು ಎನ್ನಬೇಕು. ಜೂನ್‌ನಲ್ಲಿ ಗೆರೆ ಮೀರಿ ದೊಡ್ಡದಾಗಿ ಬರೆದ ತನ್ನ ಹೆಸರು, ಕೊಂಬು ಬಿಟ್ಟ ಪದಗಳು. ಮಾರ್ಚ್‌ನಲ್ಲಿ ಐದು ಸಾಲಿನಲ್ಲಿ ಬರೆದ ಊರ ಜಾತ್ರೆಯ ವಿವರ. ತಾನು ಕಲಿತಿದ್ದೇನೆ ಎಂದು ಮಗುವಿಗೆ ತಾನೇ ಕಾಣುವುದು ಅಲ್ಲಿ. ಪಕ್ಕದವನ ಅಂಕಕ್ಕೆ ತನ್ನ ಅಂಕ ಹೋಲಿಸಿ ನೊಂದುಕೊಳ್ಳುವ ಮಗುವಿಗೆ ಇದರಿಂದ ಸಿಗುವ ಬಲ ಯಾವ ಬಹುಮಾನದಿಂದಲೂ ಸಿಗುವುದಿಲ್ಲ.

ಇನ್ನು ಪೋಷಕರು. ವರ್ಷದ ಕೊನೆಯಲ್ಲಿ ನಡೆಯುವ ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದಲ್ಲಿ ಪ್ರಗತಿಪತ್ರವನ್ನು ತಂದೆ ತಾಯಿಯ ಕೈಗೆ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ಕೂಲಿ ಬಿಟ್ಟು ಬಂದ ತಾಯಿ ‘ಪಾಸಾದ್ನಾ ಟೀಚರ್?’ ಎಂದು ಕೇಳಿ, ಹೌದೆಂದರೆ ನಿರಾಳವಾಗಿ ಹೆಬ್ಬೆಟ್ಟೊತ್ತಿ ಹೋಗುತ್ತಾಳೆ. ತನಗೆ ಓದು ಬಾರದಿದ್ದರೂ ಮಗುವಿನ ಓದಿನ ಬಗ್ಗೆ ತಿಳಿಯುವ ಹಕ್ಕು ಅವಳಿಗಿದೆ. ಆ ಹೊತ್ತಿನಲ್ಲಿ ಮಗುವನ್ನು ಅವಳ ಮುಂದೆಯೇ ಕೂರಿಸಿ ಎರಡು ಸಾಲು ಓದಿಸಿ, ಒಂದು ಲೆಕ್ಕ ಮಾಡಿಸಿ ತೋರಿಸಿದರೆ ಪ್ರಗತಿಪತ್ರ ಓದಲು ಬಾರದವಳಿಗೂ ಎಲ್ಲ ತಿಳಿಯುತ್ತದೆ. ಪೋಷಕರೂ ಪಾಸಿನ ಪ್ರಶ್ನೆ ಬದಿಗಿಟ್ಟು ಬೇರೆ ಮೂರು ಪ್ರಶ್ನೆ ಕೇಳಬೇಕು. ನನ್ನ ಮಗು ಯಾವುದರಲ್ಲಿ ಚುರುಕು? ಯಾವುದು ಇನ್ನೂ ಬರುವುದಿಲ್ಲ? ರಜೆಯಲ್ಲಿ ಮನೆಯಲ್ಲಿ ನಾವು ಏನು ಮಾಡಿಸಬೇಕು?

ಶಾಲೆಯನ್ನೇ ಬಿಟ್ಟು ಹೋಗುವ ಮಕ್ಕಳ ಬಗ್ಗೆ ವಿಶೇಷ ಎಚ್ಚರ ಬೇಕು. ಕಿರಿಯ ಪ್ರಾಥಮಿಕ ಶಾಲೆಯಲ್ಲಿ 5ನೇ ತರಗತಿ ಮುಗಿದರೆ, ಹಿರಿಯ ಪ್ರಾಥಮಿಕದಲ್ಲಿ 7 ಮುಗಿದರೆ ಮಗು ಬೇರೆ ಶಾಲೆಗೆ, ಎಷ್ಟೋ ಸಲ ಬೇರೆ ಊರಿಗೆ ಹೋಗಬೇಕು. ಬೀಳ್ಕೊಡುಗೆ ಸಮಾರಂಭ ಮಾಡುತ್ತೇವೆ, ಚಿತ್ರಾನ್ನ, ಕೇಸರಿಬಾತ್ ಹಂಚುತ್ತೇವೆ, ಗ್ರೂಪ್ ಫೋಟೊ ತೆಗೆಯುತ್ತೇವೆ. ಮಕ್ಕಳು ಶಾಲೆಗೆಂದು ಗೋಡೆ ಗಡಿಯಾರ ಕೊಡಿಸುತ್ತಾರೆ. ಇವೆಲ್ಲ ಇರಲಿ. ಜೊತೆಗೆ ಆ ಮಕ್ಕಳು ಜೂನ್‌ನಲ್ಲಿ ಯಾವ ಶಾಲೆಗೆ ಸೇರುತ್ತಾರೆ, ಹೋಗಲು ಬಸ್ಸಿದೆಯೇ, ಹೆಣ್ಣುಮಕ್ಕಳನ್ನು ಕಳಿಸಲು ಮನೆಯವರು ಒಪ್ಪಿದ್ದಾರೆಯೇ ಎಂಬ ಪಟ್ಟಿಯೂ ಮುಖ್ಯ ಶಿಕ್ಷಕರ ಬಳಿ ಇರಬೇಕು. ಕೂಲಿಗಾಗಿ ಬೆಂಗಳೂರಿಗೋ ಗೋವಾಕ್ಕೋ ಗುಳೆ ಹೋಗುವ ಕುಟುಂಬಗಳಿಗೆ ಒಂದು ವಿಷಯ ಸ್ಪಷ್ಟವಾಗಿ ತಿಳಿಸಬೇಕು. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ಕೇಳಿದ ಕೂಡಲೇ ಮುಖ್ಯ ಶಿಕ್ಷಕರು ಟಿ.ಸಿ. ಕೊಡಬೇಕು. ಟಿ.ಸಿ. ತರುವುದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ. ಇದು ಗೊತ್ತಿಲ್ಲದೆ, ಕಾಗದ ಇಲ್ಲವೆಂದು ಮಗುವನ್ನು ಮನೆಯಲ್ಲೇ ಉಳಿಸಿಕೊಂಡವರು ನಮ್ಮ ನಡುವೆ ಇದ್ದಾರೆ.

ರಜೆ ಮಕ್ಕಳ ಹಕ್ಕು. ಆ ಬಿಸಿಲ ದಿನಗಳಲ್ಲಿ ಅವರು ಅಜ್ಜಿಯ ಊರಿಗೆ ಹೋಗಲಿ, ಮಾವಿನ ತೋಪಿನಲ್ಲಿ ಆಡಲಿ. ಕಾಪಿ ಬರೆಯುವ ಮನೆಗೆಲಸವನ್ನು ಅವರ ತಲೆಗೆ ಕಟ್ಟುವುದು ಬೇಡ. ಆದರೆ ಓದುವ ಅಭ್ಯಾಸ ಪೂರ್ತಿ ಕಡಿದುಹೋಗಬಾರದು. ಶಾಲಾ ಗ್ರಂಥಾಲಯದಿಂದ ಪ್ರತಿ ಮಗುವಿಗೆ ಎರಡು ಕಥೆ ಪುಸ್ತಕ ಕೊಟ್ಟು ಕಳಿಸಬಹುದು. ಹರಿದು ಬಂದರೂ ಚಿಂತೆಯಿಲ್ಲ, ಬೀರುವಿನಲ್ಲಿ ಗೆದ್ದಲಿಗೆ ಹೋಗುವುದಕ್ಕಿಂತ ಮಗುವಿನ ಕೈಯಲ್ಲಿ ಸವೆದರೆ ಲೇಸು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಶಾಲೆ ಮುಚ್ಚುವ ಮುನ್ನ ಮಕ್ಕಳನ್ನು ಅಲ್ಲಿಗೆ ಒಮ್ಮೆ ಕರೆದೊಯ್ದು, ಸದಸ್ಯರನ್ನಾಗಿ ಮಾಡಿಸಿ, ಪುಸ್ತಕ ತೆಗೆದುಕೊಳ್ಳುವುದು ಹೇಗೆಂದು ತೋರಿಸಿದರೆ ದಾರಿ ಅವರಿಗೇ ಗೊತ್ತಾಗುತ್ತದೆ. ಊಟದ ಮಾತೂ ಇದೆ. ಬಿಸಿಯೂಟ ನಿಂತರೆ ಮಧ್ಯಾಹ್ನದ ಊಟವೇ ನಿಲ್ಲುವ ಮನೆಗಳಿವೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ನೀಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲೇ ಆದೇಶಿಸಿದೆ, ನಮ್ಮ ಸರ್ಕಾರ 2024ರ ಬರಗಾಲದಲ್ಲಿ ಹಾಗೆ ಮಾಡಿದೆ. ಬರ ಘೋಷಣೆಯಾದ ವರ್ಷಗಳಲ್ಲಿ ಈ ವ್ಯವಸ್ಥೆಯ ಮಾಹಿತಿ ಕೊನೆಯ ದಿನವೇ ಪ್ರತಿ ಪೋಷಕರಿಗೂ ಸಿಗಬೇಕು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಲ್ಲಿ ನನ್ನದೊಂದು ಕೋರಿಕೆ. ವರ್ಷದ ಕೊನೆಯ ಸಭೆಯಲ್ಲಿ ಸುಣ್ಣ, ಬಣ್ಣ, ಕಾಂಪೌಂಡಿನ ವಿಷಯ ಮುಗಿದ ಮೇಲೆ ಈ ಮೂರನ್ನು ಕೇಳಿ. ಮೂರನೇ ತರಗತಿ ಮುಗಿಸಿದವರಲ್ಲಿ ಓದಲು ಇನ್ನೂ ಕಷ್ಟಪಡುವವರು ಎಷ್ಟು ಮಂದಿ? ಅವರ ಬಗ್ಗೆ ನಾಲ್ಕನೇ ತರಗತಿಯ ಶಿಕ್ಷಕರಿಗೆ ತಿಳಿಸಲಾಗಿದೆಯೇ? ಶಾಲೆ ಬಿಟ್ಟು ಹೋಗುವ ಮಕ್ಕಳೆಲ್ಲ ಎಲ್ಲಿ ಸೇರುತ್ತಾರೆ? ಈ ಪ್ರಶ್ನೆಗಳು ಶಿಕ್ಷಕರ ತಪ್ಪು ಹುಡುಕುವುದಕ್ಕಾಗಿ ಆಗಬಾರದು. ಅವರಿಗೆ ಆ ಒಂದು ದಿನ ಬಿಡುವು ಸಿಗುವಂತೆ ಇಲಾಖೆಯನ್ನು ಒತ್ತಾಯಿಸುವುದೂ ನಿಮ್ಮದೇ ಕೆಲಸ.

ಶಿಕ್ಷಕ ಬಂಧುಗಳೇ, ವರ್ಷವಿಡೀ ನೀವು ಮಕ್ಕಳಿಗಾಗಿ ಪಟ್ಟ ಶ್ರಮ ದೊಡ್ಡದು. ಅದು ಜೂನ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರುವಾಗಬಾರದು. ಏಪ್ರಿಲ್ 10ರ ಸಂಜೆ ಬೀರುವಿಗೆ ಬೀಗ ಹಾಕುವ ಮುನ್ನ ನಿಮ್ಮ ತರಗತಿಯ ಪ್ರತಿ ಮಗುವಿನ ಬಗ್ಗೆ ನಾಲ್ಕು ಸಾಲು ಬರೆದು ಮುಂದಿನವರ ಕೈಗೆ ಕೊಡಿ. ಈ ವರ್ಷ ಎಲ್ಲ ಮಕ್ಕಳಿಗೂ ಬರೆಯಲಾಗದಿದ್ದರೆ, ತೀರಾ ಹಿಂದುಳಿದ ಐದು ಮಕ್ಕಳಿಂದ ಆರಂಭಿಸಿ.